ಮೇಲೆ ಥಳಕು, ಒಳಗೆ ಹುಳಕು: ಮನೆಯಲ್ಲೇ ಟಿಗ್ ಕಲಿತು ಮಾಡಿದ ಎಕ್ಸಾಸ್ಟ್ ಪೈಪ್ ಒಡೆದದ್ದು ಯಾಕೆ

ಟಿಗ್ ಅಂದರೆ ಟಂಗ್‌ಸ್ಟನ್ ಕಡ್ಡಿಯ ಆರ್ಕಿನಿಂದ (ವಿದ್ಯುತ್ ಕಿಡಿಯಿಂದ), ಆರ್ಗಾನ್ ಅನಿಲದ ಕಾವಲಿನಲ್ಲಿ ಮಾಡುವ ಬೆಸುಗೆ. ಮೊದಲು ಪೈಪಿನ ವಿವರ. ಟರ್ಬೊದಿಂದ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಯಂತ್ರ) ಕೆಳಗಿಳಿಯುವ ಡೌನ್‌ಪೈಪ್. 304 ಸ್ಟೇನ್‌ಲೆಸ್, ಹೊರ ವ್ಯಾಸ 63.5 ಮಿ.ಮೀ. (ಅಂಗಡಿಯಲ್ಲಿ ಎರಡೂವರೆ ಇಂಚು ಅಂತಲೇ ಕೇಳಿ), ದಪ್ಪ 1.6 ಮಿ.ಮೀ., ಅಂದರೆ 16 ಗೇಜ್. ಬಾಗಬೇಕಾದಲ್ಲಿ ಓರೆ ತುಂಡುಗಳನ್ನು ಜೋಡಿಸಿ ಒಟ್ಟು 11 ಜಾಯಿಂಟ್. ಹೊರಗಿನಿಂದ ದೃಷ್ಟಿ ತೆಗೆಯುವಷ್ಟು ಚೆಂದ: ಮೀನಿನ ಹುರುಪೆಯಂಥ ಬೀಡು (ಬೆಸುಗೆಯ ಗೆರೆ), ಹೊನ್ನಿನ ಬಣ್ಣ.

ಆರು ವಾರ ಓಡಿತು. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ನಂತರ ಗಾಡಿಯೊಳಗೆ ಹೊಗೆ ವಾಸನೆ, ಕೊನೆಗೆ ಎರಡು ಬೀಡಿನ ಅಂಚಿನಲ್ಲಿ ಬಿರುಕು. ವಾಸನೆ ಬಂದದ್ದು ಪುಣ್ಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಪೈಪನ್ನು ಗ್ರೈಂಡರ್‌ನಲ್ಲಿ ಉದ್ದಕ್ಕೆ ಸೀಳಿದಾಗ ನಿಜ ಬಯಲಾಯಿತು. ಪ್ರತಿ ಜಾಯಿಂಟಿನ ಒಳಮೈ ತಳ ಹಿಡಿದ ಪಾಯಸದ ಪಾತ್ರೆಯ ಹಾಗೆ ಕರ್ರಗೆ, ಗರಗರ. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಕಾಳು ಕಾಳಾಗಿ ಉದುರುತ್ತಿತ್ತು. ವೆಲ್ಡರುಗಳು ಇದನ್ನೇ ಶುಗರಿಂಗ್ ಅನ್ನುವುದು.

ವೆಲ್ಡಿಂಗ್ ಟಾರ್ಚಿನಿಂದ ಬರುವ ಆರ್ಗಾನ್ ಹೊರಮೈಯನ್ನು ಮಾತ್ರ ಕಾಯುತ್ತದೆ. 1.6 ಮಿ.ಮೀ. ಪೈಪಿನಲ್ಲಿ ಬೆಸುಗೆ ಪೂರ್ತಿ ಇಳಿದರೆ ಕರಗಿದ ಲೋಹ ಒಳಗಿನ ಗಾಳಿಗೂ ಸಿಗುತ್ತದೆ. ಅಲ್ಲಿನ ಕ್ರೋಮಿಯಂ ಆಕ್ಸಿಜನ್ ಜೊತೆ ಸೇರಿ ಸುಟ್ಟು, ಬೀಡಿನ ಬುಡ ಸಣ್ಣ ಸಣ್ಣ ಕಚ್ಚುಗಳಿಂದ ತುಂಬಿಹೋಗುತ್ತದೆ. ಬಿರುಕು ಶುರುವಾಗುವುದು ಆ ಕಚ್ಚಿನಿಂದ. ಸ್ಟೇನ್‌ಲೆಸ್ ಬಿಸಿಯಾದಾಗ ಹಿಗ್ಗುವುದೂ ಜಾಸ್ತಿ: ಒಂದು ಮೀಟರ್ ಪೈಪು 500 ಡಿಗ್ರಿ ಏರಿದರೆ ಹತ್ತಿರ ಹತ್ತಿರ 8.5 ಮಿ.ಮೀ. ಬೆಳೆಯುತ್ತದೆ. ಈ ಪೈಪಿನಲ್ಲಿ ಅಲುಗಾಟ ನುಂಗುವ ಮಡಿಕೆ ಕೊಳವೆ, ಅಂದರೆ ಬೆಲ್ಲೋಸ್ ಕೂಡ ಇರಲಿಲ್ಲ. ಎಂಜಿನ್ ಅಲುಗಿದ್ದು, ಪೈಪು ಹಿಗ್ಗಿದ್ದು ಎಲ್ಲದರ ಭಾರ ಬೀಡಿನ ಮೇಲೇ ಬಿತ್ತು.

ಪರ್ಜ್ (ಪೈಪಿನೊಳಗೂ ಆರ್ಗಾನ್ ತುಂಬಿ ಗಾಳಿಯನ್ನು ಹೊರದಬ್ಬುವುದು) ಮಾಡದಿರಲು ಕಾರಣ ಗ್ಯಾಸ್ ಉಳಿಸುವ ಆಸೆ. 10 ಲೀಟರಿನ ಸಿಲಿಂಡರಿಗೆ 150 ಬಾರ್ ತುಂಬಿಸಿದರೆ ಸಿಗುವುದು ಸುಮಾರು 1500 ಲೀಟರ್ ಆರ್ಗಾನ್. ಟಾರ್ಚಿಗೆ ನಿಮಿಷಕ್ಕೆ 8, ಪರ್ಜಿಗೆ 5 ಲೀಟರ್ ಹೋದರೆ ಎರಡು ಗಂಟೆ ತುಂಬುವ ಮೊದಲೇ ಖಾಲಿ. ಆದರೆ ಲೆಕ್ಕ ಹಾಕಿ: ಈ ಅಳತೆಯ ಒಂದು ಮೀಟರ್ ಪೈಪಿನೊಳಗೆ ಹಿಡಿಯುವುದು 2.9 ಲೀಟರ್. ಅದರ ಎಂಟು-ಹತ್ತು ಪಟ್ಟು ಗ್ಯಾಸ್ ಹಾಯಿಸಿದರೂ 30 ಲೀಟರ್ ದಾಟುವುದಿಲ್ಲ. ಅಷ್ಟಕ್ಕೆ ಜಿಪುಣತನ ಮಾಡಿ ಪೈಪನ್ನೇ ಗುಜರಿಗೆ ಹಾಕಿದ ಹಾಗಾಯಿತು.

ಪರ್ಜ್ ಮಾಡುವುದು ಹೀಗೆ. ಪೈಪಿನ ಎರಡೂ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ ಅಲ್ಯೂಮಿನಿಯಂ ಟೇಪ್ ಸುತ್ತಿ. ಮಾಸ್ಕಿಂಗ್ ಟೇಪ್ ಸುಟ್ಟುಹೋಗುತ್ತದೆ. ಆರ್ಗಾನ್ ಗಾಳಿಗಿಂತ ಭಾರ, ಹಾಗಾಗಿ ಕೆಳಗಿನ ತುದಿಯಿಂದ ಬಿಡಿ, ಮೇಲಿನ ತುದಿಯ ಫಾಯಿಲಿಗೆ 3 ಮಿ.ಮೀ.ನ ಮೂರ್ನಾಲ್ಕು ತೂತು ಮಾಡಿ. ನಿಮಿಷಕ್ಕೆ 8 ಲೀಟರಿನಂತೆ ನಾಲ್ಕು ನಿಮಿಷ ಹಾಯಿಸಿ, ವೆಲ್ಡ್ ಶುರುವಾದ ಮೇಲೆ 4-5ಕ್ಕೆ ಇಳಿಸಿ. ಜಾಯಿಂಟಿನ ಕೊನೆಯ ಸೆಂಟಿಮೀಟರ್ ಮುಚ್ಚುವಾಗ ಇನ್ನೂ ಇಳಿಸಬೇಕು, ಇಲ್ಲದಿದ್ದರೆ ಒಳಗಿನ ಒತ್ತಡ ಕರಗಿದ ಲೋಹವನ್ನು ಹೊರಕ್ಕೆ ಊದಿ ತೂತು ಬೀಳಿಸುತ್ತದೆ. ತೂತಿನ ಬಳಿ ಲೈಟರ್ ಹಿಡಿದು ಉರಿ ಆರುತ್ತದೋ ನೋಡುವವರಿದ್ದಾರೆ. ಆಗಷ್ಟೇ ಅಸಿಟೋನ್‌ನಲ್ಲಿ ಒರೆಸಿದ ಪೈಪಿಗೆ ಆ ಸಾಹಸ ಬೇಡ.

ಒಂದೇ ಫ್ಲೋಮೀಟರಿಗೆ (ಗ್ಯಾಸಿನ ಹರಿವು ಅಳೆಯುವ ಮಾಪಕ) ವೈ ಆಕಾರದ ಕವಲು ಜೋಡಿಸಿ ಟಾರ್ಚಿಗೂ ಪರ್ಜಿಗೂ ಹಂಚುವುದು ಇನ್ನೊಂದು ತಪ್ಪು. ಗ್ಯಾಸ್ ಸಲೀಸಾದ ದಾರಿ ಹಿಡಿಯುತ್ತದೆ, ಟಾರ್ಚು ಬರಗೆಡುತ್ತದೆ. ಎರಡು ಫ್ಲೋಮೀಟರ್ ಬೇಕು. ಪರ್ಜ್ ಬದಲು ಗಾಳಿ ತಾಗದಂತೆ ಒಳಗೆ ಬಳಿಯುವ ಫ್ಲಕ್ಸ್ ಅನ್ನುವ ಲೇಪವೂ ಸಿಗುತ್ತದೆ, ಆದರೆ ಗಾಜಿನಂಥ ಪದರ ಉಳಿಸುತ್ತದೆ. ಟರ್ಬೊಗೆ ಮೊದಲಿನ ಪೈಪಿಗೆ ಅದು ಖಂಡಿತ ಬೇಡ: ಒಂದು ಚೂರು ಕಳಚಿದರೂ ಟರ್ಬೈನ್ ರೆಕ್ಕೆಗೆ ಬಡಿಯುತ್ತದೆ. ಶುಗರಿಂಗ್ ಕಾಳಿಗೂ ಇದೇ ಮಾತು.

ಸೆಟ್ಟಿಂಗ್ ವಿಷಯ ಬೇಗ ಮುಗಿಸೋಣ. ಡಿಸಿ, ಟಾರ್ಚ್ ನೆಗೆಟಿವ್‌ಗೆ. 45ರಿಂದ 55 ಆಂಪ್ ಸಾಕು. 1.6 ಮಿ.ಮೀ. ಲ್ಯಾಂಥನೇಟೆಡ್ ಟಂಗ್‌ಸ್ಟನ್, ಮಸೆದ ಗೀರು ಉದ್ದಕ್ಕಿರಲಿ. ಗ್ಯಾಸನ್ನು ಸಮವಾಗಿ ಹರಿಸುವ ಜಾಲರಿ, ಅಂದರೆ ಗ್ಯಾಸ್ ಲೆನ್ಸ್ ಹಾಕಿ. 304ಕ್ಕೆ 304 ಸೇರಿಸಲು ಇಆರ್ 308ಎಲ್ ಫಿಲ್ಲರ್ (ಕರಗಿಸಿ ತುಂಬುವ ಕಡ್ಡಿ), ಮೈಲ್ಡ್ ಸ್ಟೀಲ್ ಫ್ಲ್ಯಾಂಜಿಗೆ ಇಆರ್ 309ಎಲ್. ಜೋಡಣೆಯಲ್ಲಿ ಬೆಳಕು ಹಾಯುವ ಸಂದು ಇದ್ದರೆ ಅರ ಹಾಕಿ ಸರಿಮಾಡಿ. ಫಿಲ್ಲರ್ ತುಂಬಿ ಮುಚ್ಚಲು ಹೋದರೆ ಬಿಸಿ ಹೆಚ್ಚಿ ಪೈಪ್ ಸೊಟ್ಟಗಾಗುತ್ತದೆ. ಟಂಗ್‌ಸ್ಟನ್ ತುದಿ ಕ್ಷಣದಲ್ಲಿ ಕರ್ರಗಾಗಿ ಕರಗುತ್ತಿದ್ದರೆ ಮೊದಲು ಸಿಲಿಂಡರ್ ಮೇಲೆ ಅನುಮಾನಪಡಿ. ಆರ್ಗಾನ್ ಕೇಳಿದರೆ ಮಿಗ್‌ಗೆ ಬಳಸುವ ಕಾರ್ಬನ್ ಡೈಆಕ್ಸೈಡ್ ಬೆರೆತ ಮಿಶ್ರಣ ಕೈಗೆ ಬಂದಿರಬಹುದು.

ಪೈಪ್ ಒಡೆದರೆ ಹೋಗುವುದು ದುಡ್ಡು. ಮುಂದಿನದು ಜೀವದ ಪ್ರಶ್ನೆ. ಎಣ್ಣೆ ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಲೇಬೇಡಿ. ಡಬ್ಬಿಯ ಮೇಲೆ ಟೆಟ್ರಾಕ್ಲೋರೊಎಥಿಲೀನ್ ಅಥವಾ ಬೇರೆ ಯಾವುದೇ ಕ್ಲೋರಿನ್ ದ್ರಾವಕದ ಹೆಸರಿದ್ದರೆ, ಅದರ ಆವಿ ಆರ್ಕಿನ ಶಾಖಕ್ಕೂ ನೇರಳಾತೀತ ಬೆಳಕಿಗೂ ಒಡೆದು ಫಾಸ್ಜೀನ್ ಆಗಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದೇ. ಮೊದಲು ಕಣ್ಣು, ಗಂಟಲು ಉರಿ. ಆಮೇಲೆ ಎಲ್ಲ ಸರಿಹೋಯಿತು ಅನ್ನಿಸುವ ಕೆಲವು ಗಂಟೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಅದರ ನಂತರ, ಕೆಲವೊಮ್ಮೆ 48 ಗಂಟೆ ತಡವಾಗಿ. ಆರ್ಗಾನ್ ಕೆಲಸದ ಮಧ್ಯೆ ಗಂಟಲು ಉರಿದು, ಕೊಳೆತ ಹುಲ್ಲಿನಂಥ ವಾಸನೆ ಬಂದರೆ ಹೊರಗೆ ಓಡಿ. ಆಸ್ಪತ್ರೆಯಲ್ಲಿ ಫಾಸ್ಜೀನ್ ಅನ್ನುವ ಹೆಸರನ್ನೇ ಹೇಳಿ, ಮನೆಗೆ ಬಂದು ಮಲಗಬೇಡಿ. ಜಿಡ್ಡಿಗೆ ಅಸಿಟೋನ್ ಸಾಕು. ಅದು ಪೂರ್ತಿ ಆರಿದ ಮೇಲೆಯೇ ಆರ್ಕ್.

ಅಭ್ಯಾಸಕ್ಕೆ ಅಂತ ಮನೆಯಲ್ಲಿ ಬಿದ್ದಿರುವ, ಸತು ಲೇಪಿಸಿದ ಜಿಐ ನೀರಿನ ಪೈಪಿಗೂ ಕೈ ಹಾಕಬೇಡಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಬಾಗಿಲು ಮುಚ್ಚಿದ ಗ್ಯಾರೇಜು, ಬೇಸ್‌ಮೆಂಟಿನಲ್ಲಿ ಆರ್ಗಾನ್ ನೆಲಮಟ್ಟದಲ್ಲಿ ಶೇಖರವಾಗಿ ಉಸಿರು ಕಟ್ಟಿಸುತ್ತದೆ. ಸ್ಟೇನ್‌ಲೆಸ್ ಹೊಗೆಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನುವ ವಿಷ ಇರುವುದರಿಂದ ಗಾಳಿಯಾಡುವ ಜಾಗ ಹೇಗೂ ಬೇಕು, ಆದರೆ ಫ್ಯಾನ್ ನೇರ ಟಾರ್ಚಿಗೆ ಬೀಸದಿರಲಿ.

ಗಾಡಿಯಲ್ಲಿ ಕೂತ ಪೈಪಿಗೆ ವೆಲ್ಡ್ ಮಾಡುವುದು ಇನ್ನೊಂದು ಅಪಾಯ. ಆರ್ಕ್ ಹೊತ್ತಿಸುವ ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಪೆಟ್ಟು ಕೊಡಬಹುದು, ಪಕ್ಕದಲ್ಲೇ ಇಂಧನದ ಲೈನ್ ಇರುತ್ತದೆ. ಮಾರ್ಕರ್‌ನಲ್ಲಿ ಗುರುತು ಹಾಕಿ ಬಿಚ್ಚಿಕೊಂಡು ಬೆಂಚಿಗೆ ತನ್ನಿ. ಬ್ರೇಕ್ ಪೈಪು, ಇಂಧನ ಪೈಪು ಕಲಿಯುವವರ ಕೆಲಸವೇ ಅಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ನೇರ ಪೈಪ್ ಹಾಕುವ ಯೋಚನೆಯಿದ್ದರೆ ಮೋಟಾರು ವಾಹನ ಕಾಯ್ದೆಯೂ ಎದುರಿಗಿದೆ.

ಕಲಿಯಲೇಬೇಕೆಂದರೆ ಮೊದಲ ಪೈಪು ಮೈಲ್ಡ್ ಸ್ಟೀಲಿನದೇ ಇರಲಿ. ಇಆರ್ 70ಎಸ್-2 ಫಿಲ್ಲರ್ ಸಾಕು, ಒಳಗೆ ಪರ್ಜ್ ಬೇಡ, ಕೈ ಕೂರುವವರೆಗೆ ಎಷ್ಟು ತುಂಡು ಹಾಳಾದರೂ ಅಗ್ಗ. ಸ್ಟೇನ್‌ಲೆಸ್‌ಗೆ ಬಂದಾಗ ಮೊದಲ ಹತ್ತು ಜಾಯಿಂಟನ್ನು ಸೀಳಿ ಒಳಮೈ ನೋಡಿ. ಬೆಳ್ಳಿ ಅಥವಾ ತಿಳಿ ಹೊಂಬಣ್ಣವಿದ್ದರೆ ಮುಂದಿನದನ್ನು ಗಾಡಿಗೆ ಅಂತ ಕತ್ತರಿಸಿ. ಬೂದು ಅಥವಾ ಕಪ್ಪು ಕಂಡರೆ ಫಾಯಿಲ್ ಎಲ್ಲಿ ಸೋರುತ್ತಿದೆ ಹುಡುಕಿ.