ಎಸ್‌ಎಂಪಿಎಸ್ ಟೆಸ್ಟರ್: ಕೆಟ್ಟಿದೆ ಅಂದರೆ ನಂಬಿ, ಸರಿ ಉಂಟು ಅಂದರೆ ಪೂರ್ತಿ ನಂಬಬೇಡಿ

ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಅಥವಾ ಫ್ಯಾನ್, ಲೈಟು ಎಲ್ಲ ಉಂಟು, ಡಿಸ್‌ಪ್ಲೇ ಮಾತ್ರ ಇಲ್ಲ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಕೈಕೊಡುವುದು ಸಾಮಾನ್ಯವಾಗಿ ಹೀಗೆಯೇ. ಎಲ್ಲರೂ ಮೊದಲು ಕೈ ತೋರಿಸುವುದು ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಕಡೆಗೆ. ಅದರ ತಪ್ಪೋ ಅಲ್ಲವೋ ಎಂದು ನೋಡಲು ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುವ, ಪುಟ್ಟ ಎಲ್‌ಸಿಡಿ ಇರುವ ಅಲ್ಯೂಮಿನಿಯಂ ಡಬ್ಬಿಯೇ ಈ ಟೆಸ್ಟರ್. ಹೆಸರು ಯಾವುದಾದರೂ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ.

ಬಳಸುವುದು ಸುಲಭ. ಗೋಡೆಯ ಸ್ವಿಚ್ ಆಫ್ ಮಾಡಿ, ಮದರ್‌ಬೋರ್ಡ್‌ನಿಂದ 24 ಪಿನ್ ಪ್ಲಗ್ ಕಿತ್ತು ಟೆಸ್ಟರಿಗೆ ಚುಚ್ಚಿ, ಆಮೇಲೆ ಕರೆಂಟ್ ಕೊಡಿ. ಪೇಪರ್ ಕ್ಲಿಪ್‌ನಿಂದ ಹಸಿರು ವೈರನ್ನು ಕಪ್ಪಿಗೆ ತಾಗಿಸಿ ಎಸ್‌ಎಂಪಿಎಸ್ ಎಬ್ಬಿಸುವ ಹಳೇ ಉಪಾಯವನ್ನೇ ಇದು ತಾನಾಗಿ ಮಾಡುತ್ತದೆ. ಹೆಚ್ಚುವರಿ ಲಾಭವೆಂದರೆ ಅಂಕಿ ಕಾಣುತ್ತದೆ. ಸಿಪಿಯುವಿನ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 6, 8 ಪಿನ್ ಪ್ಲಗ್‌ಗಳನ್ನು ಒಂದೊಂದಾಗಿ ಹಾಕಿ ನೋಡಬೇಕು, ಒಟ್ಟಿಗೆ ಅಲ್ಲ. ಆ ಎರಡು 8 ಪಿನ್‌ಗಳಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು ಇರುತ್ತವೆ. ಹಾಗಾಗಿ ಪ್ಲಗ್ ಹೋಗುತ್ತಿಲ್ಲವೆಂದು ಒತ್ತಿ ತುರುಕಬೇಡಿ, ಸಾಕೆಟ್ ಪಕ್ಕದ ಬರಹ ಓದಿ.

ಪರದೆ ಮೇಲೆ ಆರು ವೋಲ್ಟೇಜು, ಒಂದು ಸಮಯ. 12 ವೋಲ್ಟ್ ಅಂದರೆ 11.4ರಿಂದ 12.6ರೊಳಗೆ, 5 ವೋಲ್ಟ್ ಅಂದರೆ 4.75ರಿಂದ 5.25, 3.3 ಅಂದರೆ 3.14ರಿಂದ 3.47. ಮೈನಸ್ 12ಕ್ಕೆ ಶೇ 10ರಷ್ಟು ಸಡಿಲ ಉಂಟು, ಇವತ್ತಿನ ಬೋರ್ಡ್‌ಗಳಿಗೆ ಅದರ ಉಪಯೋಗ ಕಡಿಮೆ, ತಲೆಕೆಡಿಸಿಕೊಳ್ಳಬೇಡಿ. ಅಂಕಿಯ ಜಾಗದಲ್ಲಿ ಎಲ್‌ಎಲ್ ಬಂದರೆ ಆ ಲೈನ್ ಬಿದ್ದಿದೆ, ಎಚ್‌ಎಚ್ ಬಂದರೆ ಏರಿದೆ. ಎಚ್‌ಎಚ್ ಕಂಡ ಎಸ್‌ಎಂಪಿಎಸ್ಸನ್ನು "ಒಮ್ಮೆ ನೋಡುವ" ಎಂದು ಮತ್ತೆ ಬೋರ್ಡಿಗೆ ಹಾಕಿದರೆ ಬೋರ್ಡೂ ಹೋದೀತು.

ದುಡ್ಡು ವಸೂಲಾಗುವುದು ಮುಖ್ಯವಾಗಿ ಎರಡು ಅಂಕಿಗಳಿಂದ. ಒಂದು 5ವಿಎಸ್‌ಬಿ, ಅಂದರೆ ಸ್ಟ್ಯಾಂಡ್‌ಬೈ. ಕಂಪ್ಯೂಟರ್ ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತೂ ಈ ಲೈನ್ ದುಡಿಯುತ್ತದೆ. ಅದಕ್ಕೇ ಅದರಲ್ಲಿ ಚಾರ್ಜ್ ಹಿಡಿದಿಟ್ಟು ವೋಲ್ಟೇಜನ್ನು ಸಮವಾಗಿಸುವ ಕೆಪಾಸಿಟರ್‌ಗಳು ಬೇಗ ಒಣಗುತ್ತವೆ. ಪವರ್ ಬಟನ್ನಿನ ಸರ್ಕ್ಯೂಟ್ ಇದರ ಮೇಲೆಯೇ ನಿಂತಿದೆ. ಇಲ್ಲಿ 4.4 ತೋರಿಸಿದರೆ, ಬೆಳಿಗ್ಗೆ ಹತ್ತು ಸಲ ಒತ್ತಿದರೂ ಏಳದ ಮೆಷಿನ್ ಅರ್ಧ ಗಂಟೆ ಸ್ವಿಚ್ ಹಾಕಿಟ್ಟ ಮೇಲೆ ಯಾಕೆ ಏಳುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು: ಒಣಗಿದ ಕೆಪಾಸಿಟರ್ ಸ್ವಲ್ಪ ಬಿಸಿಯಾದರೆ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಪಿಜಿ, ಪವರ್ ಗುಡ್. ವೋಲ್ಟೇಜೆಲ್ಲ ಸ್ಥಿರವಾಯಿತು ಎಂದು ಎಸ್‌ಎಂಪಿಎಸ್ ಬೂದು ವೈರಿನಲ್ಲಿ ಕೊಡುವ ಸೂಚನೆ ಇದು. ಅದು ಬರುವವರೆಗೆ ಮದರ್‌ಬೋರ್ಡ್ ಪ್ರೊಸೆಸರನ್ನು ರೀಸೆಟ್‌ನಲ್ಲೇ ಹಿಡಿದಿಡುತ್ತದೆ. ಪರದೆಯ ಮೇಲಿನ ಆ ಸಮಯ 100ರಿಂದ 500 ಮಿಲಿಸೆಕೆಂಡ್ ಒಳಗಿದ್ದರೆ ಸರಿ. ಸೊನ್ನೆ ಎಂದರೆ ಸೂಚನೆಯೇ ಬರುತ್ತಿಲ್ಲ. ಫ್ಯಾನ್ ಬುರ್ರೆಂದು ತಿರುಗುತ್ತಿದ್ದರೂ ಡಿಸ್‌ಪ್ಲೇ ಬಾರದಿರಲು ಇದೂ ಒಂದು ಕಾರಣ. ಪೇಪರ್ ಕ್ಲಿಪ್‌ಗೆ ಇದು ಜನ್ಮದಲ್ಲಿ ಗೊತ್ತಾಗದು.

ಇನ್ನು ಕೊರತೆ. ಟೆಸ್ಟರ್ ಎಸ್‌ಎಂಪಿಎಸ್ಸಿನ ಮೇಲೆ ಹಾಕುವ ಭಾರ ಕೆಲವೇ ವಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಮೆಷಿನ್ ಎಳೆಯುವುದು 200, 300 ವಾಟ್. ಕೈಬೀಸಿಕೊಂಡು ನಡೆಯುವವನು ಅಕ್ಕಿ ಮೂಟೆ ಹೊತ್ತೂ ನಡೆಯುತ್ತಾನೆ ಎಂದು ಹೇಳುವುದು ಹೇಗೆ? ಟೆಸ್ಟರಿನಲ್ಲಿ 12.1 ತೋರಿಸಿದ ಸರಕೇ ಗೇಮ್ ಶುರುವಾದ ಕೂಡಲೇ 11.2ಕ್ಕೆ ಕುಸಿದು ರೀಸ್ಟಾರ್ಟ್ ಆಗಬಹುದು. ಹಾಗಾಗಿ ಎಲ್ಲ ಅಂಕಿ ಸರಿ ಬಂದ ಮೇಲೂ ಮಲ್ಟಿಮೀಟರ್ ಬೇಕು. ಡಿಸಿ 20 ವೋಲ್ಟ್ ರೇಂಜ್, ಮೆಷಿನ್ ಓಡುತ್ತಿರುವಾಗ ಖಾಲಿ ಮೋಲೆಕ್ಸ್ (ನಾಲ್ಕು ವೈರಿನ ಹಳೇ ಮಾದರಿಯ) ಪ್ಲಗ್ಗಿನ ಹಳದಿಗೆ ಕೆಂಪು ಪ್ರೋಬ್, ಕಪ್ಪಿಗೆ ಕಪ್ಪು. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮಲ್ಟಿಮೀಟರನ್ನೇ ತೆಗೆದುಕೊಳ್ಳಿ. ದಿನಕ್ಕೆ ನಾಲ್ಕೈದು ಮೆಷಿನ್ ನೋಡುವ ಅಂಗಡಿಗೆ, ಕಾಲೇಜು ಲ್ಯಾಬಿಗೆ ಟೆಸ್ಟರ್ ಸಮಯ ಉಳಿಸುತ್ತದೆ.

ಆದರೆ ಲ್ಯಾಬಿನವರು ಮೊದಲು ಕ್ಯಾಬಿನೆಟ್ ತೆರೆದು ನೋಡಿ. ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್ ಥರದ ಬ್ರಾಂಡೆಡ್ ಮೆಷಿನ್‌ಗಳು ಹಲವದರಲ್ಲಿ 24 ಪಿನ್ ಪ್ಲಗ್ಗೇ ಇಲ್ಲ, ಅವರದೇ 8 ಅಥವಾ 14 ಪಿನ್. ಅಲ್ಲಿ ಈ ಡಬ್ಬಿ ಪೇಪರ್‌ವೇಯ್ಟ್. ಅದಕ್ಕೆ ಸ್ವಂತ ಬ್ಯಾಟರಿಯೂ ಇಲ್ಲ. ಎಸ್‌ಎಂಪಿಎಸ್ ಪೂರ್ತಿ ಸತ್ತಿದ್ದರೆ ಪರದೆ ಕತ್ತಲೆ, ಅಷ್ಟೇ ಉತ್ತರ.

ಅಲ್ಯೂಮಿನಿಯಂ ಮೈ ಮುಟ್ಟಿದಾಗ ಜುಮ್ಮೆಂದರೆ ಟೆಸ್ಟರನ್ನು ಬೈಯಬೇಡಿ. ನಿಮ್ಮ ಅರ್ಥಿಂಗ್ ಹೋಗಿದೆ. ಅರ್ಥ್ ಇಲ್ಲದಿದ್ದರೆ ಎಸ್‌ಎಂಪಿಎಸ್ಸಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಕ್ಯಾಬಿನೆಟ್ಟಿನ ಮೈಗೆ 230ರ ಅರ್ಧ, ಸುಮಾರು 115 ವೋಲ್ಟ್ ಏರಿ ಕೂರುತ್ತದೆ. ಕರೆಂಟ್ ಅತಿ ಕಡಿಮೆ, ಆದರೂ ಒಳ್ಳೆಯದಲ್ಲ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹೊಯ್ಯಬೇಕಾಗುವುದು ಇದಕ್ಕೇ. ಜುಮ್ಮೆಂದಿತು ಎಂದು ಎಸ್‌ಎಂಪಿಎಸ್ ಬಿಚ್ಚಲೂ ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಡಿಸಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು.

ಎಲ್ಲ ಸರಿ ಉಂಟು, ಮಲ್ಟಿಮೀಟರೂ ಒಪ್ಪಿತು, ಆದರೂ ಡಿಸ್‌ಪ್ಲೇ ಇಲ್ಲವೆಂದರೆ ಎಸ್‌ಎಂಪಿಎಸ್ ಬಿಟ್ಟು ರ‍್ಯಾಮ್ ಕಡೆ ಹೋಗಿ. ಮಲ್ಪೆ, ಸುರತ್ಕಲ್, ಪಣಂಬೂರಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿಯ ಪಸೆ ಸ್ಲಾಟಿನ ಸ್ಪ್ರಿಂಗುಗಳ ಮೇಲೆ ಕೂರುತ್ತದೆ. ರಬ್ಬರಿನಿಂದ ರ‍್ಯಾಮ್ ಉಜ್ಜುವುದು ಅರ್ಧ ಕೆಲಸ, ಸ್ಲಾಟ್ ಹಾಗೇ ಉಳಿಯಿತಲ್ಲ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿದ ರ‍್ಯಾಮನ್ನು ಅದೇ ಸ್ಲಾಟಿಗೆ ಐದಾರು ಸಲ ಹಾಕಿ ತೆಗೆದರೆ ಎರಡೂ ಕಡೆ ಉಜ್ಜಿಹೋಗುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಒಂದೇ ಕಡ್ಡಿ, ಪ್ರೊಸೆಸರಿನಿಂದ ಎರಡನೆಯದರಲ್ಲಿ. ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಕಾಯಿರಿ, ಮೆಮೊರಿ ಟ್ರೈನಿಂಗ್, ಅಂದರೆ ಬೋರ್ಡು ಹೊಸ ಕಡ್ಡಿಗೆ ಹೊಂದಿಕೊಳ್ಳುವ ಕೆಲಸ, ನಡೆಯುತ್ತಿರುತ್ತದೆ. ಸತ್ತಿತೆಂದು ಸ್ವಿಚ್ ಆರಿಸಿದರೆ ಮತ್ತೆ ಮೊದಲಿಂದ.

ಬೋರ್ಡಿನ ನಾಲ್ಕು ಪಿನ್ನಿನ ಸ್ಪೀಕರ್ ಹೆಡರಿಗೆ ಒಂದು ಬಝರ್ ಹಾಕಿಡಿ. ಮಸಾಲೆ ದೋಸೆಗಿಂತ ಅಗ್ಗ. ರ‍್ಯಾಮ್ ಪೂರ್ತಿ ಕಿತ್ತು ಆನ್ ಮಾಡಿದಾಗ ಅದು ಕೂಗಿದರೆ ಪ್ರೊಸೆಸರೂ ಬೋರ್ಡೂ ಬದುಕಿವೆ. ಟೆಸ್ಟರಿಗೆ ಅದನ್ನು ಹೇಳಲು ಬಾರದು. ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ, ಉದಾಹರಣೆಗೆ ಐ5 12400ಎಫ್, ಮಾನಿಟರ್ ಕೇಬಲ್ ಬೋರ್ಡಿಗೆ ಹಾಕಿದ್ದೀರೋ ಎಂದೂ ನೋಡಿ. ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು.

ಟೆಸ್ಟರನ್ನು ಕೊಂಡರೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಮೇಜಿನ ಮೇಲೆ ಬಿಟ್ಟರೆ ಒಂದೆರಡು ಆಟಿ (ತುಳುನಾಡಿನ ಜಡಿಮಳೆಯ ತಿಂಗಳು) ಕಳೆಯುವಷ್ಟರಲ್ಲಿ ಅದರ ಸಾಕೆಟ್ ಪಿನ್ನುಗಳೇ ಕಿಲುಬು ಹಿಡಿದು, ಒಳ್ಳೆಯ ಎಸ್‌ಎಂಪಿಎಸ್ಸಿಗೂ ಎಲ್‌ಎಲ್ ತೋರಿಸಲು ಶುರುಮಾಡುತ್ತವೆ.