ಐದು ವರ್ಷದ ಕೌನ್ಸಿಲ್ ಮನೆ: ಹಂಚಿಕೆಗೆ ನಾಲ್ಕು ಸ್ಟಾರ್, ಕರಾರಿಗೆ ಒಂದೂವರೆ

ಇಂಗ್ಲೆಂಡಿನ ಒಂದು ನಗರದ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ ಸಂಸ್ಥೆ, ನಮಗೆ ಬಾಡಿಗೆಗೆ ಮನೆ ಕೊಟ್ಟು ಆರು ವರ್ಷ ದಾಟಿದೆ. ಇಲ್ಲಿ ಕಾಯಂ ವಾಸದ ಅನುಮತಿ ಪಡೆದ ಪರಿಚಯದ ಕನ್ನಡಿಗರು ಈ ಸೇವೆ ಹೇಗಿದೆ ಎಂದು ಆಗಾಗ ಕೇಳುವುದರಿಂದ, ನಮ್ಮ ಅನುಭವವನ್ನು ಬರೆದಿಡುತ್ತಿದ್ದೇನೆ. ಕೆಲಸದ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಈ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹಂಚಿಕೆಯ ವ್ಯವಸ್ಥೆ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮನೆಯಿಲ್ಲದವರು, ಇಕ್ಕಟ್ಟಿನಲ್ಲಿ ಬದುಕುವವರು, ಕಾಯಿಲೆಯ ಕಾರಣಕ್ಕೆ ಮನೆ ಬದಲಿಸಲೇಬೇಕಾದವರು ಮುಂತಾದವರಿಗೆ ಆದ್ಯತೆ ಕೊಡಬೇಕೆಂದು 1996ರ ವಸತಿ ಕಾಯ್ದೆಯೇ ಹೇಳುತ್ತದೆ. ಉಳಿದಂತೆ ಪಟ್ಟಿಗೆ ಯಾರನ್ನು ಸೇರಿಸಬೇಕು ಎಂಬುದನ್ನು 2011ರ ಲೋಕಲಿಸಂ ಕಾಯ್ದೆಯ ನಂತರ ಬಹುಮಟ್ಟಿಗೆ ಆಯಾ ಕೌನ್ಸಿಲ್ ತೀರ್ಮಾನಿಸುತ್ತದೆ. ನಮ್ಮಲ್ಲಿ ಕನಿಷ್ಠ ಎರಡು ವರ್ಷ ಅದೇ ಊರಿನಲ್ಲಿ ವಾಸವಿರಬೇಕೆಂಬ ನಿಯಮವಿತ್ತು. ಒಂದೇ ಮಲಗುವ ಕೋಣೆಯ ಖಾಸಗಿ ಫ್ಲ್ಯಾಟಿನಲ್ಲಿ ನಾಲ್ವರಿದ್ದ ನಮಗೆ, ಅಗತ್ಯಕ್ಕೆ ತಕ್ಕಂತೆ ಕೊಡುವ ಆದ್ಯತೆಯ ದರ್ಜೆಗಳಾದ ಬ್ಯಾಂಡ್‌ಗಳಲ್ಲಿ, ಬಿ ಬ್ಯಾಂಡ್ ಸಿಕ್ಕಿತು. ಆಮೇಲೆ ವಾರಕ್ಕೊಮ್ಮೆ ಖಾಲಿ ಮನೆಗಳ ಪಟ್ಟಿ ನೋಡಿ 'ಬಿಡ್' ಹಾಕುವ ಕೆಲಸ. ಹೆಸರು ಬಿಡ್ ಆದರೂ ಇದು ಹರಾಜಲ್ಲ, ಒಂದು ಪೆನ್ನಿಯ ಮಾತೂ ಇಲ್ಲ; ಮೊದಲು ಬ್ಯಾಂಡ್, ಬ್ಯಾಂಡಿನೊಳಗೆ ಯಾರು ಹೆಚ್ಚು ಕಾಲ ಕಾದಿದ್ದಾರೆ ಎಂಬ ಲೆಕ್ಕ. ಮೊದಲ ವಾರ ನಮ್ಮ ಸ್ಥಾನ 63 ಎಂದು ತೋರಿಸಿತು. ಮನೆ ಯಾರಿಗಾದರೂ ಹೋದ ಮೇಲೆ, ಹೆಸರು ಬಿಟ್ಟು, ಅವರ ಬ್ಯಾಂಡ್ ಮತ್ತು ಕಾಯಲು ಆರಂಭಿಸಿದ ತಾರೀಖನ್ನು ಪ್ರಕಟಿಸುತ್ತಿದ್ದರು. ಹದಿನಾಲ್ಕು ತಿಂಗಳು ಕಾಯುವಾಗ ನಮಗೆ ಸಿಟ್ಟು ಬಂದದ್ದು ಮನೆಗಳ ಅಭಾವದ ಮೇಲೆಯೇ ಹೊರತು, ಯಾರೋ ಶಿಫಾರಸು ತಂದು ನಮ್ಮ ಮುಂದೆ ನುಗ್ಗಿದರು ಎಂಬ ಗುಮಾನಿ ಒಂದು ದಿನವೂ ಹುಟ್ಟಲಿಲ್ಲ. ಇಂಟರ್ನೆಟ್ ಬಳಸಲು ಬಾರದ ವೃದ್ಧರಿಗೆ ಮಾತ್ರ ಈ ಪದ್ಧತಿ ಕಷ್ಟ. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೆ, ಇನ್ನರ್ಧ ಫೋನ್ ಎತ್ತಲು ತೆಗೆದುಕೊಳ್ಳುವ ಸಮಯಕ್ಕೆ.

ಮನೆ ಗಟ್ಟಿಯಾಗಿದೆ, ಬಾಯ್ಲರ್ ಹೊಸದು. ಆದರೆ ಕೀಲಿ ಕೊಡುವ ಮುನ್ನ ಹಳೆಯ ಕಾರ್ಪೆಟ್ಟನ್ನೆಲ್ಲ ಕಿತ್ತು ಹಾಕಿದ್ದರು. ಕೆಳಗಿನ ಅಂತಸ್ತಿನಲ್ಲಿ ಬರೀ ಕಾಂಕ್ರೀಟು, ಮೇಲಿನದರಲ್ಲಿ ಬರೀ ಹಲಗೆ, ಗೋಡೆಯ ಅಂಚಿನುದ್ದಕ್ಕೂ ಕಾರ್ಪೆಟ್ ಹಿಡಿಯುವ ಪಟ್ಟಿಗಳ ಚೂಪು ಮೊಳೆಗಳು. ನಮ್ಮದೇ ದುಡ್ಡಿನಲ್ಲಿ ನೆಲಕ್ಕೆ ಹಾಸಬೇಕು. ಆಗಲೇ ಕರಾರಿನ ಬಿಸಿ ತಟ್ಟಿದ್ದು: ಐದು ವರ್ಷದ ನಂತರ ಬಿಡಬೇಕಾಗಬಹುದಾದ ಮನೆಗೆ ಎಷ್ಟು ಖರ್ಚು ಮಾಡುವುದು? ಕೆಳಗಿನ ಕೋಣೆಗೆ ಹಾಸಿ, ಮೇಲಿನದನ್ನು ಮುಂದಕ್ಕೆ ಹಾಕಿದೆವು.

ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಒಗ್ಗಿಹೋದ ಬೆಂಗಳೂರಿನ ಬಾಡಿಗೆದಾರರಿಗೆ, ಒಂದು ವರ್ಷದ ಪರೀಕ್ಷಾವಧಿ, ಅದರ ಮೇಲೆ ಐದು ವರ್ಷ ಎಂದರೆ ಭಾಗ್ಯವೆನಿಸಬಹುದು. ನಮ್ಮ ಗೋಡೆಯಾಚೆಯ ಅಜ್ಜಿಯದು 1980ರ ಕಾಯ್ದೆ ಕೊಟ್ಟ ಕಾಯಂ ಬಾಡಿಗೆ ಹಕ್ಕು, ಜೀವನಪರ್ಯಂತದ್ದು. 2012ರಲ್ಲಿ ಕೌನ್ಸಿಲ್‌ಗಳಿಗೆ ಅವಧಿ ಗೊತ್ತುಮಾಡುವ ಅಧಿಕಾರ ಬಂದಾಗ ಮೊದಲಿನಿಂದ ಇದ್ದವರ ಹಕ್ಕು ಹಾಗೆಯೇ ಉಳಿಯಿತು. ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಬಗೆಯ ಮನೆ, ಒಂದೇ ಬಗೆಯ ಬಾಡಿಗೆ ಇರುವಲ್ಲಿ ಭದ್ರತೆ ಮಾತ್ರ ಸೇರಿದ ವರ್ಷದ ಮೇಲೆ ನಿಂತಿದೆ. ಅವಧಿ ಬಾಡಿಗೆಯನ್ನು ಎಲ್ಲ ಕೌನ್ಸಿಲ್‌ಗಳಿಗೂ ಕಡ್ಡಾಯ ಮಾಡಲು ಹೊರಟ 2016ರ ಕಾಯ್ದೆಯ ಆ ಭಾಗವನ್ನು ಜಾರಿ ಮಾಡುವುದಿಲ್ಲವೆಂದು ಸರ್ಕಾರ 2018ರಲ್ಲಿ ಘೋಷಿಸಿತು. ಆದರೂ ನಮ್ಮ ಕೌನ್ಸಿಲ್ ತಾನಾಗಿಯೇ ಅವಧಿ ಬಾಡಿಗೆಯನ್ನು ಉಳಿಸಿಕೊಂಡಿದೆ.

ಅಗತ್ಯ ತೀರಿದವರು ಬಿಟ್ಟರೆ ಕಾಯುವವರಿಗೆ ಮನೆ ಸಿಗುತ್ತದೆ ಎಂಬ ವಾದವನ್ನು, ಕಾದು ಬಂದವನಾಗಿ, ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಕೊನೆಯ ವರ್ಷ ನಮ್ಮ ಮನೆಯಲ್ಲಿ ನಡೆದ ಲೆಕ್ಕಾಚಾರ ನೋಡಿ: ಓವರ್‌ಟೈಮ್ ಮಾಡಿದರೆ ನವೀಕರಣಕ್ಕಿರುವ ಆದಾಯದ ಮಿತಿ ಮೀರುತ್ತದೆಯೇ, ಮಗಳು ಯೂನಿವರ್ಸಿಟಿಗೆ ಹೋದರೆ ಒಂದು ಕೋಣೆ ಹೆಚ್ಚೆಂದು ಬರೆದುಕೊಳ್ಳುತ್ತಾರೆಯೇ? ಮುಂದುವರಿಸುವುದಿಲ್ಲವಾದರೆ ಆರು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಡಬೇಕು, ಮರುಪರಿಶೀಲನೆ ಕೇಳಲು ನಮಗೆ 21 ದಿನ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅಧಿಕಾರಿ ಬಂದರು, ಸಭ್ಯರು. ಸಂಬಳದ ಚೀಟಿ ನೋಡಿ, ಕೋಣೆಗಳನ್ನು ಎಣಿಸಿ, ಚಹಾ ಕುಡಿದು ಹೋದರು. ಮೂರು ವಾರದ ನಂತರ ಇನ್ನೈದು ವರ್ಷಕ್ಕೆ ನವೀಕರಿಸಿದ ಪತ್ರ ಬಂತು. ಅದೇ ಶನಿವಾರ ಮೇಲಿನ ಕೋಣೆಗಳ ಅಳತೆ ತೆಗೆಯಲು ಕಾರ್ಪೆಟ್ ಅಂಗಡಿಯವನನ್ನು ಕರೆಸಿದೆವು.