ಮನೆ ಶೆಡ್ಡಿಗೆ ಯಾವ ಕಾರ್ ಲಿಫ್ಟ್? ಪೋರ್ಟಬಲ್, ಸಿಸರ್, ಫೋರ್ ಪೋಸ್ಟ್, ಟೂ ಪೋಸ್ಟ್ ನಾಲ್ಕರಲ್ಲೂ ಕೆಲ್ಸ ಮಾಡಿ ನೋಡಿದ್ಮೇಲೆ

ಲಿಫ್ಟ್ ತಗೋಬೇಕು ಅನ್ನೋರು ಎಲ್ರೂ ಮೊದ್ಲು ಕೇಳೋದು ಎಷ್ಟು ಟನ್ನಿಂದು ಅಂತ. ಅದು ಕೊನೇಗೆ ಬರೋ ಪ್ರಶ್ನೆ. ಮಾರುತಿ 800 ಸುಮಾರು 650 ಕೆಜಿ, ಅಂಬಾಸಿಡರ್ 1100 ಕೆಜಿ ಆಸುಪಾಸು, ಇನ್ನೋವಾ ಕ್ರಿಸ್ಟಾ ತಂದು ನಿಲ್ಸಿದ್ರೂ ಎರಡು ಟನ್ ಒಳಗೆ, ನಮ್ಮಲ್ಲಿ ಸಿಗೋ ಮಾಮೂಲಿ ಟೂ ಪೋಸ್ಟ್, ಅಂದ್ರೆ ಎರಡು ಕಂಬದ ಲಿಫ್ಟೇ 4 ಟನ್ ಎತ್ತುತ್ತೆ, ಅಂದ್ಮೇಲೆ ಮನೆ ಗಾಡಿಗಳಿಗೆ ಭಾರ ಒಂದು ಸಮಸ್ಯೆನೇ ಅಲ್ಲ. ನೋಡ್ಬೇಕಾಗಿರೋದು ನಿಮ್ಮ ನೆಲ ಎಂಥದ್ದು, ಸೂರು ಎಷ್ಟು ಎತ್ತರ ಇದೆ, ಕರೆಂಟ್ ಹೋದಾಗ ಮೇಲಿರೋ ಗಾಡಿ ಕೆಳಗೆ ಹೆಂಗೆ ಬರುತ್ತೆ ಅನ್ನೋದು. ಈ ಮೂರನೇದ್ರ ಬಗ್ಗೆ ಮಾರೋರು ತಾವಾಗಿ ಬಾಯಿ ಬಿಡಲ್ಲ, ಅದಕ್ಕೇ ಇದನ್ನ ಬರೀತಿರೋದು.

ನನ್ನ ಪರಿಸ್ಥಿತಿ ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮದು ಬೇರೆ ಇದ್ರೆ ತೀರ್ಮಾನನೂ ಬೇರೆ ಆಗುತ್ತೆ. ತುಮಕೂರು ಬಟವಾಡಿ ಕಡೆ ಮನೆ, ಹಿಂದೆ ಶೀಟ್ ಶೆಡ್ಡು, ಬೆಸ್ಕಾಂ ಸಿಂಗಲ್ ಫೇಸ್. ಶೀಟು ಇಳಿಜಾರು ಇರೋದ್ರಿಂದ ಒಂದು ಕಡೆ 13 ಅಡಿ, ಇನ್ನೊಂದು ಕಡೆ ಹತ್ತೂವರೆ ಅಡಿ. ಗಾಡಿಗಳು ಅಂದ್ರೆ ಒಂದು 800, ಅಪ್ಪನ ಜೀಪು, ಆಗಾಗ ಚಿಕ್ಕಪ್ಪನ ಇನ್ನೋವಾ. ಬರೀ ಆಯಿಲ್ ಬದಲಾಯ್ಸೋ ಕೆಲ್ಸ ಅಲ್ಲ, ಕ್ಲಚ್ ಪ್ಲೇಟು, ಗೇರ್ ಬಾಕ್ಸ್ ಇಳಿಸೋದು, ಬ್ರೇಕ್ ಪೈಪು, ಕೆಳಗಡೆ ತುಕ್ಕು ಕೆರೆದು ಪ್ರೈಮರ್ ಹೊಡೆಯೋದು ಎಲ್ಲಾ ಮಾಡ್ತೀನಿ. ನೆಲದ ಮೇಲೆ ಅಂಗಾತ ಮಲ್ಕೊಂಡು ಗೇರ್ ಬಾಕ್ಸ್ ಎದೆ ಮೇಲೆ ಇಳಿಸ್ಕೊಂಡು ಗೊತ್ತಿರೋರಿಗೆ ಲಿಫ್ಟ್ ಯಾಕೆ ಬೇಕು ಅಂತ ವಿವರಿಸೋದು ಬೇಡ.

ಪೋರ್ಟಬಲ್ ಫ್ರೇಮ್ ಇಂದ ಶುರು ಮಾಡ್ತೀನಿ. ಕ್ವಿಕ್‌ಜ್ಯಾಕ್ ತರದ್ದು, ಎರಡು ಉದ್ದ ಫ್ರೇಮು ಗಾಡಿ ಕೆಳಗೆ ಆಚೆ ಈಚೆ ತಳ್ಳಿ, ಪೈಪ್ ಸಿಗ್ಸಿ, ಚಿಕ್ಕ ಪವರ್ ಪ್ಯಾಕ್ (ಮೋಟರ್, ಆಯಿಲ್ ಪಂಪ್ ಇರೋದು) ಆನ್ ಮಾಡಿದ್ರೆ ಗಾಡಿ ಸುಮಾರು ಒಂದೂವರೆ ಎರಡಡಿ ಮೇಲಕ್ಕೆ ಬರುತ್ತೆ. ಕ್ಯಾತ್ಸಂದ್ರದ ಸ್ನೇಹಿತನ ಹತ್ರ ಇದೆ, ತಂದು ಇಟ್ಕೊಂಡು ಬ್ರೇಕ್ ಶೂ ಕೆಲ್ಸ ಎಲ್ಲ ಅದ್ರಲ್ಲೇ ಮಾಡ್ದೆ. ನಾಲ್ಕೂ ಚಕ್ರ ಒಟ್ಟಿಗೆ ಗಾಳೀಲಿ ಇರುತ್ತೆ, ಬ್ರೇಕು, ಬೇರಿಂಗು, ಟೈರ್ ಅದಲು ಬದಲು ಮಾಡೋಕೆ ಬಹಳ ಚೆನ್ನಾಗಿದೆ, ಕೆಲ್ಸ ಮುಗಿದ್ಮೇಲೆ ಗೋಡೆಗೆ ಒರಗಿಸಿ ಇಡಬಹುದು, ನೆಲ ಅಗೆಯೋ ತಲೆನೋವಿಲ್ಲ, ಬಾಡಿಗೆ ಮನೇಲಿರೋರಿಗೆ ಇದು ಬಿಟ್ರೆ ಬೇರೆ ದಾರಿನೂ ಇಲ್ಲ. ಆದ್ರೆ ಗಾಡಿ ಕೆಳಗೆ ಹೋಗ್ಬೇಕು ಅಂದ್ರೆ ಮಲಗಲೇಬೇಕು. 800 ಥರದ ಗಿಡ್ಡ ಗಾಡಿ ಇರೋರು ಇನ್ನೊಂದು ನೋಡ್ಕೊಳ್ಳಿ, ಅದರ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಬರೀ 2175 ಎಂಎಂ, ಉದ್ದದ ಫ್ರೇಮ್ ತಗೊಂಡ್ರೆ ಎರಡು ಚಕ್ರದ ಮಧ್ಯೆ ಕೂರೋದೇ ಇಲ್ಲ, ಗಿಡ್ಡ ಮಾಡಲ್ಲೇ ಕೇಳಿ ತಗೋಬೇಕು.

ಸಿಸರ್ ಲಿಫ್ಟು, ಅಂದ್ರೆ ಕತ್ತರಿ ಥರ ಬಿಚ್ಕೊಂಡು ಮೇಲೆ ಬರೋದು, ಟೈರ್ ಅಂಗಡಿಗಳಲ್ಲಿ ನೋಡಿರ್ತೀರ. ಮನೆಗೆ ಹೊಂದೋದು ಮಿಡ್ ರೈಸ್, ಒಂದು ಮೀಟರ್ ಆಸುಪಾಸು ಎತ್ತುತ್ತೆ, ಸ್ಟೂಲ್ ಹಾಕ್ಕೊಂಡು ಕೂತು ಕೆಲ್ಸ ಮಾಡ್ಬಹುದು. ಸೂರು ತಗ್ಗಿದ್ರೂ ಪರವಾಗಿಲ್ಲ. ಪರಿಚಯದ ಅಂಗಡೀಲಿ ಭಾನುವಾರ ಹೋಗಿ ಸಸ್ಪೆನ್ಷನ್ ಕೆಲ್ಸ ಮಾಡ್ಕೊಂಡ್ ಬಂದೆ, ಕೈಗೆ ಸೊಂಟಕ್ಕೆ ಎಷ್ಟು ಹಿತ ಅಂದ್ರೆ ಅಲ್ಲೇ ತೀರ್ಮಾನ ಮಾಡ್ಬಿಡೋಣ ಅನ್ನಿಸ್ತು. ಆಮೇಲೆ ಸೈಲೆನ್ಸರ್ ಪೈಪ್ ಬಿಚ್ಚೋಕೆ ಹೋದಾಗ ಗೊತ್ತಾಯ್ತು, ಗಾಡಿಯ ನಡು ಭಾಗ ಪೂರ್ತಿ ಲಿಫ್ಟಿನ ಕಬ್ಬಿಣನೇ ಮುಚ್ಕೊಂಡಿರುತ್ತೆ. ಗೇರ್ ಬಾಕ್ಸ್ ಇಳಿಸೋ ಜಾಗ, ಪ್ರೊಪೆಲ್ಲರ್ ಶಾಫ್ಟು, ಬ್ರೇಕ್ ಪೈಪ್ ಹೋಗೋ ದಾರಿ ಎಲ್ಲಾ ಅಲ್ಲೇ ಇರೋದು. ಜೀಪಿಗೆ ಅಂತೂ ಇದು ಆಗೋದೇ ಇಲ್ಲ.

ಫೋರ್ ಪೋಸ್ಟಿಗೆ, ಅಂದ್ರೆ ನಾಲ್ಕು ಕಂಬದ ಲಿಫ್ಟಿಗೆ, ಮನಸ್ಸು ಸೋಲೋದು ಸಹಜ. ಗಾಡಿ ಓಡಿಸ್ಕೊಂಡು ಪ್ಲಾಟ್‌ಫಾರ್ಮ್ ಮೇಲೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಟನ್ ಒತ್ತಿದ್ರೆ ಮುಗೀತು, ಜಾಕ್ ಪಾಯಿಂಟ್ (ಗಾಡಿ ಕೆಳಗೆ ಜಾಕ್ ಕೊಡೋ ಗಟ್ಟಿ ಜಾಗ) ಹುಡುಕೋದಿಲ್ಲ, ಪ್ಯಾಡ್ ಜಾರುತ್ತಾ ಅನ್ನೋ ಭಯ ಇಲ್ಲ. ಇನ್ನೊಂದು ದೊಡ್ಡ ಅನುಕೂಲ ಯಾರೂ ಹೇಳಲ್ಲ: ಗಾಡಿ ತನ್ನ ಚಕ್ರದ ಮೇಲೇ ನಿಂತಿರೋದ್ರಿಂದ ಸಸ್ಪೆನ್ಷನ್ ಮೇಲೆ ರಸ್ತೇಲಿ ಇರೋ ಹಂಗೇ ಭಾರ ಇರುತ್ತೆ. ಸಸ್ಪೆನ್ಷನ್ನಿನ ಲೋಯರ್ ಆರ್ಮ್ (ಚಕ್ರ ಹಿಡ್ಕೊಂಡಿರೋ ಕೆಳಗಿನ ತೋಳು) ಬುಷ್ ಬೋಲ್ಟುಗಳನ್ನ ಗಾಡಿ ಚಕ್ರದ ಮೇಲೆ ನಿಂತಾಗ್ಲೇ ಕೊನೇ ಟೈಟ್ ಕೊಡ್ಬೇಕು, ಜೋತಾಡ್ತಿರೋವಾಗ ಬಿಗಿದ್ರೆ ಬುಷ್ ರಬ್ಬರ್ ತಿರುಚ್ಕೊಂಡೇ ಕೂತು ಬೇಗ ಹರಿದೋಗುತ್ತೆ. ಈ ಕೆಲ್ಸಕ್ಕೆ ಫೋರ್ ಪೋಸ್ಟ್ ಮೀರಿಸೋದು ಇಲ್ಲ. ಮನೇಲಿ ಎರಡು ಗಾಡಿ, ಜಾಗ ಒಂದೇ ಅನ್ನೋರು ಒಂದನ್ನ ಮೇಲೆ ನಿಲ್ಸಿ ಇನ್ನೊಂದನ್ನ ಕೆಳಗೆ ನಿಲ್ಲಿಸ್ಬಹುದು, ಆದ್ರೆ ಮೇಲಿನ ಗಾಡಿ ಆಯಿಲ್ ತೊಟ್ಟಿಕ್ಕಿದ್ರೆ ಕೆಳಗಿನದ್ರ ಬಾನೆಟ್ ಮೇಲೇ ಬೀಳೋದು, ಟ್ರೇ ಬೇಕೇ ಬೇಕು. ಇನ್ನು ತೊಂದ್ರೆ ಏನಪ್ಪಾ ಅಂದ್ರೆ ಚಕ್ರ ಬಿಚ್ಚೋಕೆ ಆಗಲ್ಲ, ಅದಕ್ಕೆ ಮಧ್ಯ ಓಡಾಡೋ ಜಾಕ್ ಬೇರೆ ತಗೋಬೇಕು, ಅದೂ ಸೇರಿಸಿದ್ರೆ ದುಡ್ಡು ಟೂ ಪೋಸ್ಟ್ ದಾಟಿ ಹೋಗುತ್ತೆ. ಜಾಗನೂ ಜಾಸ್ತಿ ತಿನ್ನುತ್ತೆ, ರ‍್ಯಾಂಪ್ ಸೇರಿ ಅದರ ಉದ್ದ ನನ್ನ ಶೆಡ್ಡಿನ ಬಾಗಿಲು ದಾಟ್ತಿತ್ತು. ನನಗೆ ಬ್ರೇಕು, ಚಕ್ರದ ಕೆಲ್ಸನೇ ಹೆಚ್ಚು, ಹಂಗಾಗಿ ಕೈ ಬಿಟ್ಟೆ. ಹಳೇ ಗಾಡಿಗಳನ್ನ ಪ್ರೀತಿಯಿಂದ ನಿಲ್ಲಿಸ್ಕೊಳೋರು, ದೊಡ್ಡ ಜಾಗ ಇರೋರು ಕಣ್ಮುಚ್ಕೊಂಡು ಇದನ್ನೇ ತಗೊಳ್ಳಿ.

ಕೊನೇಗೆ ನಾನು ತಗೊಂಡಿದ್ದು ಟೂ ಪೋಸ್ಟ್. ಅದರ ಮೇಲೆ ಮೊದ್ಲು ಕೆಲ್ಸ ಮಾಡಿದ್ದು ಅಂತರಸನಹಳ್ಳೀಲಿ ಗ್ಯಾರೇಜ್ ಇಟ್ಕೊಂಡಿರೋ ಸ್ನೇಹಿತನ ಹತ್ರ. ನಾಲ್ಕು ಆರ್ಮ್ ಒಳಗೆ ತಿರುಗಿಸಿ ಜಾಕ್ ಪಾಯಿಂಟಿಗೆ ಪ್ಯಾಡ್ ಕೊಡೋದು, ಅಷ್ಟೇ, ಗಾಡಿ ಕೆಳಗೆ ಪೂರ್ತಿ ಖಾಲಿ, ನಿಂತ್ಕೊಂಡು ಎಲ್ಲಿ ಬೇಕಾದ್ರೂ ಕೈ ಹಾಕಬಹುದು. ಅವನು ಮೊದ್ಲ ದಿನಾನೇ ಹೇಳಿಕೊಟ್ಟಿದ್ದು, "ಅಣ್ಣ, ಚಕ್ರ ನೆಲ ಬಿಟ್ಟು ಒಂದಡಿ ಬರ್ತಿದ್ದಂಗೆ ನಿಲ್ಸು, ಬಂಪರ್ ಹಿಡ್ದು ಚೆನ್ನಾಗಿ ಅಲ್ಲಾಡ್ಸು, ನಾಲ್ಕೂ ಪ್ಯಾಡ್ ಬಗ್ಗಿ ನೋಡು, ಆಮೇಲೆ ಮೇಲಕ್ಕೆ." ಇವತ್ತಿಗೂ ಒಂದು ಸಲನೂ ಬಿಟ್ಟಿಲ್ಲ. ಮೇಲೆ ಹೋದ್ಮೇಲೆ ಹಂಗೇ ಆಯಿಲ್ ಒತ್ತಡದ ಮೇಲೆ ನಿಲ್ಸಿ ಕೆಳಗೆ ಹೋಗ್ಬಾರ್ದು, ಸ್ವಲ್ಪ ಇಳಿಸಿ ಎರಡೂ ಕಡೆ ಲಾಕ್ ಮೇಲೆ ಕೂರಿಸ್ಬೇಕು. ಸೀಲ್ ಹೋದ್ರೂ ಪೈಪ್ ಒಡೆದ್ರೂ ಭಾರ ಹಿಡಿಯೋದು ಆ ಕಬ್ಬಿಣದ ಲಾಕೇ.

ತೂಕದ ಹಂಚಿಕೆ ವಿಷ್ಯ ಮಾತ್ರ ಟೂ ಪೋಸ್ಟಲ್ಲಿ ಯಾವಾಗ್ಲೂ ತಲೇಲಿ ಇರ್ಬೇಕು. 800ರಲ್ಲಿ ಇಂಜಿನ್ ಗೇರ್ ಬಾಕ್ಸ್ ಎರಡೂ ಮುಂದೆ, ಓಮ್ನೀಲಿ ಇಂಜಿನ್ ಮುಂದಿನ ಸೀಟ್ ಕೆಳಗೆ, ಎರಡಕ್ಕೂ ಆರ್ಮ್ ಒಂದೇ ಥರ ಇಡೋಕಾಗಲ್ಲ. 800 ಮೇಲಿರೋವಾಗ ಇಂಜಿನ್ ಕೆಳಗಿಳಿಸಿದ್ರೆ ಹಿಂಭಾಗ ಭಾರ ಆಗಿ ಗಾಡಿ ಹಿಂದಕ್ಕೆ ವಾಲುತ್ತೆ, ಹಿಂದೆ ಎತ್ತರದ ಸ್ಟ್ಯಾಂಡ್ ಕೊಟ್ಟೇ ಆ ಕೆಲ್ಸಕ್ಕೆ ಕೈ ಹಾಕ್ಬೇಕು. ಮತ್ತೆ 4 ಟನ್ ಲಿಫ್ಟಿನ ಕೆಲವು ಆರ್ಮ್‌ಗಳು ಪೂರ್ತಿ ಒಳಗೆ ತಳ್ಳಿದ್ರೂ ಉದ್ದನೇ ಇರ್ತವೆ, ಗಿಡ್ಡ ಗಾಡಿಯ ಜಾಕ್ ಪಾಯಿಂಟಿಗೆ ಸಿಗಲ್ಲ. ತಗೊಳೋ ಮುಂಚೆ ಆರ್ಮಿನ ಕಮ್ಮಿ ಉದ್ದ ಎಷ್ಟು ಅಂತ ಕೇಳಿ, ನಿಮ್ಮ ಗಾಡೀನೇ ತಗೊಂಡ್ ಹೋಗಿ ಇಟ್ಟು ನೋಡೋದು ಇನ್ನೂ ಒಳ್ಳೇದು.

ಈಗ ಕರೆಂಟಿಗೆ ಬರ್ತೀನಿ. ಹೈಡ್ರಾಲಿಕ್ ಲಿಫ್ಟ್ ಇಳಿಸೋಕೆ ಮೋಟರ್ ಬೇಡ, ವಾಲ್ವ್ ಬಿಟ್ರೆ ಗಾಡಿ ಭಾರಕ್ಕೇ ಇಳಿಯುತ್ತೆ ಅಂತ ಎಲ್ರೂ ಹೇಳ್ತಾರೆ, ನಿಜಾನೇ. ಆದ್ರೆ ಗಾಡಿ ಲಾಕ್ ಮೇಲೆ ಕೂತಿದ್ರೆ ಲಾಕ್ ಬಿಡಿಸೋಕೆ ಮೊದ್ಲು ಒಂದೆರಡು ಇಂಚು ಮೇಲಕ್ಕೆ ಎತ್ತಲೇಬೇಕು, ಅದಕ್ಕೆ ಮೋಟರ್ ಬೇಕು, ಮೋಟರಿಗೆ ಕರೆಂಟ್ ಬೇಕು. ಸಂಜೆ ಮಳೆ ಗಾಳಿಗೆ ಲೈನ್ ಹೋಯ್ತು ಅಂದ್ರೆ ಗಾಡಿ ಮೇಲೇ ಇರುತ್ತೆ, ರಾತ್ರಿ ಯಾರಿಗೋ ಆಸ್ಪತ್ರೆಗೆ ಹೋಗ್ಬೇಕು ಅಂದ್ರೂ ಇಳಿಸೋಕಾಗಲ್ಲ. ಮನೆ ಇನ್ವರ್ಟರ್ 3 ಎಚ್‌ಪಿ ಮೋಟರ್ ಎಳೆಯಲ್ಲ, ಸ್ಟಾರ್ಟ್ ಆಗೋವಾಗ ಅದು ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಕೇಳುತ್ತೆ. ಕೆಲವು ಲಿಫ್ಟಲ್ಲಿ ಲಾಕ್ ಬಿಡಿಸೋದೂ ಸೊಲೆನಾಯ್ಡ್, ಅಂದ್ರೆ ಅದಕ್ಕೂ ಕರೆಂಟ್. ಹಂಗಾಗಿ ನಾನು ಹಿಡಿದ ಹಠ ಎರಡು: ಲಾಕ್ ಕೈಯಲ್ಲಿ ಎಳೆಯೋ ಲಿವರ್ ಇರ್ಬೇಕು, ಪವರ್ ಪ್ಯಾಕಲ್ಲಿ ಹ್ಯಾಂಡ್ ಪಂಪ್ ಇರ್ಬೇಕು. ಹ್ಯಾಂಡ್ ಪಂಪಿಂದ ಎರಡಿಂಚು ಎತ್ತೋಕೆ ಬೆವರು ಬರುತ್ತೆ, ಆದ್ರೆ ಗಾಡಿ ಕೆಳಗೆ ಬರುತ್ತೆ. ಕೋಟೇಶನ್ ತಗೊಳೋವಾಗ್ಲೇ ಇದನ್ನ ಬರೆಸ್ಕೊಳ್ಳಿ.

ಸಿಂಗಲ್ ಫೇಸ್ ಮೋಟರ್ ಸಿಗುತ್ತೆ, ಲಿಫ್ಟಿಗೋಸ್ಕರ ಮನೆಗೆ ತ್ರೀ ಫೇಸ್ ಎಳೆಸಬೇಕಿಲ್ಲ. ಆದ್ರೆ ಮಿಕ್ಸಿ ಪ್ಲಗ್ಗಿಗೆ ಸಿಗ್ಸೋ ವಸ್ತು ಅಲ್ಲ ಅದು, ಡಿಬಿಯಿಂದಲೇ (ಮನೆಗೆಲ್ಲಾ ಕರೆಂಟ್ ಹಂಚೋ ಬೋರ್ಡು) ಬೇರೆ ಎಂಸಿಬಿ ಸ್ವಿಚ್ಚು, 4 ಸ್ಕ್ವೇರ್ ಎಂಎಂ ವೈರು, ಸರಿಯಾದ ಅರ್ಥಿಂಗ್ ಹಾಕ್ಸಿ.

ಸೂರಿನ ಲೆಕ್ಕ ಸುಲಭ. ಟೂ ಪೋಸ್ಟ್ ಎತ್ತೋದು ಸುಮಾರು 1.8 ಮೀಟರ್, 800ರ ಎತ್ತರ 1.4, ಸೇರಿಸಿದ್ರೆ 3.2 ಮೀಟರ್, ಅಂದ್ರೆ ಹತ್ತೂವರೆ ಅಡಿ. ಇನ್ನೋವಾ ಆದ್ರೆ 3.6 ಮೀಟರ್, ಹತ್ರ ಹತ್ರ 12 ಅಡಿ. ಲಿಫ್ಟಿದೇ ಎತ್ತರ ಇನ್ನೊಂದು. ಮೇಲೆ ಅಡ್ಡಪಟ್ಟಿ ಇರೋ ಮಾಡಲ್ ಹನ್ನೆರಡು ಅಡಿ ಮೇಲೇ ಕೇಳುತ್ತೆ, ಬೇಸ್ ಪ್ಲೇಟ್ ಮಾಡಲ್ಲಿ ಕೇಬಲ್ಲು ಪೈಪು ಎಲ್ಲ ನೆಲದ ಮೇಲಿನ ಪ್ಲೇಟ್ ಒಳಗೆ ಹೋಗೋದ್ರಿಂದ ಕಂಬ ಒಂಬತ್ತೂವರೆ ಅಡಿ ಆಸುಪಾಸಿಗೇ ಮುಗಿಯುತ್ತೆ. ನನ್ನ ಇಳಿಜಾರು ಶೀಟಿಗೆ ಬೇಸ್ ಪ್ಲೇಟೇ ಗತಿ. ಗೇರ್ ಬಾಕ್ಸ್ ಟ್ರಾಲಿ ತಳ್ಳೋವಾಗ ಆ ಪ್ಲೇಟ್ ಅಡ್ಡ ಬರುತ್ತೆ, ಅದನ್ನ ಒಪ್ಕೊಂಡೇ ತಗೊಂಡೆ. ಎತ್ತರದ ಭಾಗ ಬಾಗಿಲ ಕಡೆ ಮಾತ್ರ ಇರೋದ್ರಿಂದ ಇನ್ನೋವಾ ಬಂದಾಗ ಐದಡಿಗೆ ನಿಲ್ಲಿಸ್ತೀನಿ, ಸ್ವಲ್ಪ ಬಗ್ಗಿದ್ರೆ ಕೆಲ್ಸ ಆಗುತ್ತೆ.

ನೆಲದ ವಿಷ್ಯದಲ್ಲಿ ಮಾತ್ರ ಯಾರ ಮಾತೂ ಕೇಳ್ಬೇಡಿ. ನಮ್ಮ ಕಡೆ ಶೆಡ್ಡುಗಳಿಗೆ ಮಣ್ಣು ತುಂಬಿ, ಮೇಲೆ ಮೂರಿಂಚು ಬೆಡ್ ಹಾಕಿ ಟೈಲ್ಸ್ ಅಂಟಿಸಿರ್ತಾರೆ. ಟೂ ಪೋಸ್ಟಲ್ಲಿ ಗಾಡಿ ಭಾರ ಎಲ್ಲಾ ಕಂಬವನ್ನ ಒಳಕ್ಕೆ ಬಗ್ಗಿಸೋಕೆ ನೋಡ್ತಿರುತ್ತೆ, ಅದನ್ನ ತಡೆಯೋದು ಕಂಬವನ್ನ ನೆಲಕ್ಕೆ ಬಿಗಿದಿರೋ ಆಂಕರ್ ಬೋಲ್ಟುಗಳು ಕಾಂಕ್ರೀಟ್ ಹಿಡ್ಕೊಂಡಿರೋ ಹಿಡಿತ. ಟೈಲ್ಸ್ ಮೇಲೆ ಬೋಲ್ಟ್ ಹೊಡೀತೀನಿ ಅನ್ನೋ ಫಿಟ್ಟರನ್ನ ಬಾಗ್ಲಿಂದಲೇ ವಾಪಸ್ ಕಳಿಸಿ. ನಾನು ಎರಡು ಕಂಬದ ಜಾಗಾನೂ ಸೇರಿಸಿ ಒಂದೇ ಪಟ್ಟೆ ಅಗೆಸಿ, ಗಟ್ಟಿ ನೆಲ ಸಿಗೋವರೆಗೂ ತೆಗೆಸಿ, ಜಲ್ಲಿ ದಮ್ಮಸ್ ಮಾಡಿಸಿ, ಕಬ್ಬಿಣದ ಜಾಲರಿ ಕಟ್ಟಿ 8 ಇಂಚು ಎಂ25 ಗ್ರೇಡ್ ಕಾಂಕ್ರೀಟ್ ಹಾಕಿಸ್ದೆ. ಕೈಯಲ್ಲಿ ಕಲಸಿದ್ರೆ ನೀರು ಜಾಸ್ತಿ ಹಾಕ್ತಾರೆ ಅಂತ ಪಕ್ಕದಲ್ಲೇ ನಿಂತಿದ್ದೆ. ಮೇಸ್ತ್ರಿ ವಾರಕ್ಕೇ ಸಾಕು ಅಂದ್ರು, ಕಾಂಕ್ರೀಟ್ ಪೂರ್ತಿ ಬಲ ಲೆಕ್ಕ ಹಾಕೋದೇ 28 ದಿನಕ್ಕೆ, ಅಷ್ಟು ಕಾದೇ ಡ್ರಿಲ್ ಮಾಡಿಸ್ದೆ. ತೂತಿನ ಒಳಗಿನ ಪುಡಿ ಗಾಳಿ ಹೊಡೆದು ತೆಗೀಬೇಕು, ಇಲ್ಲಾಂದ್ರೆ ಆಂಕರ್ ಸರಿಯಾಗಿ ಕಚ್ಚಲ್ಲ. ಸ್ವಲ್ಪ ದಿನ ಬಳಸಿದ್ಮೇಲೆ ಟಾರ್ಕ್ ಪಾನಾ ಹಾಕಿ ಮತ್ತೆ ಬಿಗಿಬೇಕು.

ಇಷ್ಟೆಲ್ಲಾ ಯಾಕೆ, ಗುಂಡಿ ತೋಡಿಸ್ಬಿಡು ಅಂತ ಮನೇಲೂ ಹೇಳಿದ್ರು, ಹಳೇ ಮೆಕ್ಯಾನಿಕ್‌ಗಳೂ ಹೇಳಿದ್ರು. ಖರ್ಚು ಕಮ್ಮಿ, ಕರೆಂಟಿನ ಗೊಡವೆ ಇಲ್ಲ, ಒಪ್ತೀನಿ. ಆದ್ರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡೀಲಿ ಇಳಿದು ಅಲ್ಲೇ ನಿಲ್ಲುತ್ತೆ, ಒಂದು ಕಿಡಿ ಸಾಕು. ಮನೇಲಿ ಚಿಕ್ಕ ಮಕ್ಕಳು ಓಡಾಡ್ತಾರೆ, ಮಳೆ ಬಂದ್ರೆ ನೀರು ತುಂಬುತ್ತೆ, ಚಕ್ರದ ಕೆಲ್ಸಕ್ಕಂತೂ ಏನೂ ಉಪಯೋಗ ಇಲ್ಲ. ನಾನು ಬೇಡ ಅಂದೆ.

ಸೆಕೆಂಡ್ ಹ್ಯಾಂಡ್ ನೋಡೋರು ಹೈಡ್ರಾಲಿಕ್ ಲಿಫ್ಟಲ್ಲಿ ಖಾಲಿ ಎತ್ತಿ ತೋರಿಸಿದ್ರೆ ನಂಬ್ಬೇಡಿ, ಗಾಡಿ ಹಾಕಿ ಎತ್ತಿಸಿ, ಎರಡೂ ಕಡೆ ಲಾಕ್ ಒಟ್ಟಿಗೆ ಬೀಳುತ್ತಾ ಕೇಳಿಸ್ಕೊಳ್ಳಿ, ಒಂದು ಮೊದ್ಲು ಒಂದು ಆಮೇಲೆ ಬಿದ್ರೆ ಎರಡೂ ಕಡೆ ಸಮ ಮಾಡೋ ಕೇಬಲ್ ಸಡಿಲ ಆಗಿದೆ ಅಂತ. ಕೇಬಲ್ ಎಳೆ ಬಿಚ್ಕೊಂಡಿದ್ಯಾ, ಸಿಲಿಂಡರ್ ರಾಡ್ ಮೇಲೆ ತುಕ್ಕಿನ ಚುಕ್ಕೆ ಇದ್ಯಾ ನೋಡಿ. ಹಳೇ ಸ್ಕ್ರೂ ಟೈಪ್ (ಆಯಿಲ್ ಬದ್ಲು ತಿರುಗೋ ಉದ್ದ ಸ್ಕ್ರೂ ಎತ್ತೋದು) ಆದ್ರೆ ಮುಖ್ಯ ನಟ್ ಕೆಳಗೆ ಇನ್ನೊಂದು ಸೇಫ್ಟಿ ನಟ್ ಇರುತ್ತೆ, ಅವೆರಡರ ಮಧ್ಯದ ಸಂದಿ ಅಳತೆ ಮಾಡಿ ಕಂಪ್ನಿ ಹೇಳಿರೋ ಅಳತೆಗೆ ಹೋಲಿಸಿ, ಸಂದಿ ಕಮ್ಮಿ ಆಗಿದ್ರೆ ಮೇಲಿನ ನಟ್ ಸವೆದಿದೆ, ಆ ನಟ್ ಇನ್ನೂ ಸಿಗುತ್ತಾ ಅಂತ ವಿಚಾರಿಸಿ ಆಮೇಲೆ ದುಡ್ಡಿನ ಮಾತಾಡಿ.